ಏಕತಲ ವಿಮಾನ: ಎಣಿಸಬೇಕಾದದ್ದು ಎಂಜಿನ್ನನ್ನಲ್ಲ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಮೊನ್ನೆ ತನ್ನ ಝೆರಾಕ್ಸ್ ಟಿಪ್ಪಣಿ ತೋರಿಸಿದ. ‘ಮಾನೋಪ್ಲೇನ್ ಎಂದರೆ ಒಂದೇ ಎಂಜಿನ್ ಇರುವ ಹಗುರ ವಿಮಾನ’ ಎಂದು ಅದರಲ್ಲಿತ್ತು. ಇದೇ ತಪ್ಪನ್ನು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಈ ಪದಕ್ಕೂ ಎಂಜಿನ್ನಿಗೂ ಸಂಬಂಧವೇ ಇಲ್ಲ.

ಎಡವುವುದು ‘ಪ್ಲೇನ್’ ಎಂಬ ಬಾಲದಲ್ಲಿ. ಅದನ್ನು ವಿಮಾನವೆಂದೇ ಓದಿದರೆ ‘ಒಂದು ವಿಮಾನ’ ಎಂದಾಗಿ ಅರ್ಥ ಕೂಡುವುದಿಲ್ಲ. ಆಗ ಆ ‘ಒಂದ’ನ್ನು ಎಂಜಿನ್ನಿಗೆ ಅಂಟಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ಏರೋಪ್ಲೇನ್ ಎಂದರೆ ಗಾಳಿಯಲ್ಲಿ ಯಂತ್ರವನ್ನು ಎತ್ತಿ ಹಿಡಿಯುವ ಹಲಗೆಯಂಥ ಮೈ, ಅಂದರೆ ರೆಕ್ಕೆ. ಅಂಗದ ಹೆಸರು ಇಡೀ ಯಂತ್ರಕ್ಕೆ ಹತ್ತಿದ್ದು ಆಮೇಲೆ. ಮಾನೋಪ್ಲೇನ್, ಬೈಪ್ಲೇನ್‌ಗಳಲ್ಲಿ ಆ ಹಳೆಯ ಅರ್ಥ ಹಾಗೆಯೇ ಉಳಿದಿದೆ. ರೇಖಾಗಣಿತದ ಪ್ಲೇನನ್ನು ಸಮತಲ ಎನ್ನುವ ನಮಗೆ ಏಕತಲ, ದ್ವಿತಲ ಎಂಬ ಮಾತುಗಳು ಸಹಜವಾಗಿಯೇ ಒದಗುತ್ತವೆ. ಎಡಬಲದ ರೆಕ್ಕೆಗಳೆರಡೂ ಸೇರಿ ಒಂದು ತಲ. ಅದರ ಮೇಲೆ ಇನ್ನೊಂದು ಜೋಡಿ ಬಂದರೆ ದ್ವಿತಲ. ‘ಒಂಟಿರೆಕ್ಕೆ ವಿಮಾನ’ ಎಂಬ ಅನುವಾದವನ್ನಂತೂ ನಾನು ಒಪ್ಪುವುದಿಲ್ಲ. ಅದನ್ನು ಓದಿದರೆ ರೆಕ್ಕೆ ಮುರಿದ ಹಕ್ಕಿ ಕಣ್ಣಮುಂದೆ ಬರುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬಂದಿಳಿದಿರುವ ಎಟಿಆರ್-72 ವಿಮಾನವನ್ನೇ ನೋಡಿ. ಎಂಜಿನ್ ಎರಡು, ಆದರೂ ಅದು ಏಕತಲ. ಸೋವಿಯತ್ ಒಕ್ಕೂಟದ ಆಂಟೊನೊವ್ ಆನ್-2 ವಿಮಾನದ ಎಂಜಿನ್ ಒಂದೇ, ಆದರೂ ಅದು ದ್ವಿತಲ. ಟಿಪ್ಪಣಿಯ ವ್ಯಾಖ್ಯೆ ಎರಡು ಕಡೆಯೂ ಸೋಲುತ್ತದೆ.

ರೈಟ್ ಸಹೋದರರ 1903ರ ವಿಮಾನ ದ್ವಿತಲ. ಮೇಲೊಂದು ಕೆಳಗೊಂದು ರೆಕ್ಕೆಯಿಟ್ಟು ನಡುವೆ ಕಂಬ, ತಂತಿ ಬಿಗಿದರೆ ಕಡಿಮೆ ತೂಕದಲ್ಲಿ ಗಟ್ಟಿತನ ಸಿಗುತ್ತಿತ್ತು. ವೇಗ ಹೆಚ್ಚಿದಂತೆ ಆ ತಂತಿಗಳೇ ಗಾಳಿಗೆ ಅಡ್ಡವಾದವು. ಫ್ರಾನ್ಸಿನ ವೈಮಾನಿಕ ಲೂಯಿ ಬ್ಲೇರಿಯೊ 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದು ಏಕತಲದಲ್ಲಿ.

‘ಹಗುರ ಬಹೂಪಯೋಗಿ ಏಕತಲ ವಿಮಾನ’ ಎಂದಾಗ ಮೊದಲ ಪದ ತೂಕವನ್ನು ಹೇಳುತ್ತದೆ, ಎರಡನೆಯದು ಕೆಲಸವನ್ನು, ಮೂರನೆಯದು ರೆಕ್ಕೆಯನ್ನು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ತಯಾರಿಸಿ 1958ರಲ್ಲಿ ಹಾರಿಸಿದ ಪುಷ್ಪಕ್ ಎರಡು ಆಸನದ, ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ವಿಮಾನ. ಅದರ ರೆಕ್ಕೆ ತಲೆಯ ಮೇಲಿದೆ; ಅದಕ್ಕೆ ಕೆಳಗಿನಿಂದ ಓರೆ ಕಂಬಗಳ ಆಸರೆ. ಚಿತ್ರ ನೋಡಿ ಅವನ್ನೂ ರೆಕ್ಕೆಯೆಂದು ಎಣಿಸುವವರಿದ್ದಾರೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ, ಆ ಕಂಬಗಳು ರೆಕ್ಕೆಯನ್ನು ಬಿಗಿಹಿಡಿಯುತ್ತವೆ ಅಷ್ಟೆ. ಪುಷ್ಪಕ್ ವಿನ್ಯಾಸವನ್ನೇ ಹಿಗ್ಗಿಸಿ 225 ಅಶ್ವಶಕ್ತಿಯ ಕೃಷಕ್ ಮಾಡಿದರು, ಅದು 1959ರಲ್ಲಿ ಹಾರಿತು. ಹೆಸರು ರೈತನದಾದರೂ ಅದು ದುಡಿದದ್ದು ಸೇನೆಯ ವೀಕ್ಷಣೆಗೆ. ಹೊಲಕ್ಕೆ ಔಷಧ ಸಿಂಪಡಿಸಲೆಂದೇ ಮಾಡಿದ್ದು ಬಸಂತ್. ಅದರ ರೆಕ್ಕೆ ಕೆಳಗಿದೆ. ಮೂರೂ ಏಕತಲ ವಿಮಾನಗಳೇ. ಮೂರಕ್ಕೂ ಎಂಜಿನ್ ಒಂದೊಂದೇ ಇದ್ದುದರಿಂದ ಟಿಪ್ಪಣಿ ಬರೆದವರಿಗೆ ಏಕತಲವೂ ಒಂಟಿ ಎಂಜಿನ್ನೂ ಒಂದೇ ಎನಿಸಿರಬೇಕು.