ಬಲಗೈಯಲ್ಲೊಂದು ಪೆನ್ನು

1996ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಫೋಟೋಗಳನ್ನು ತೆಗೆದು ನೋಡಿ. ರಿಪಬ್ಲಿಕನ್ ಅಭ್ಯರ್ಥಿ ಬಾಬ್ ಡೋಲ್ ಬಲಗೈಯಲ್ಲಿ ಸಾಮಾನ್ಯವಾಗಿ ಒಂದು ಪೆನ್ನು ಇರುತ್ತದೆ. ಅದು ಬರೆಯಲಿಕ್ಕಲ್ಲ, ಆ ಕೈಗೆ ಬರೆಯುವ ಶಕ್ತಿಯೇ ಇರಲಿಲ್ಲ. ಪೆನ್ನು ಬೆರಳುಗಳನ್ನು ಒಂದು ಹದದಲ್ಲಿ ಮಡಚಿ ಹಿಡಿದಿರುತ್ತಿತ್ತು, ಎದುರು ಬಂದವರು ಆ ಕೈಯನ್ನು ಹಿಡಿದು ಕುಲುಕದಂತೆಯೂ ತಡೆಯುತ್ತಿತ್ತು.

'ಕಷ್ಟ ಉಂಡವರಿಗೇ ಕಷ್ಟ ಗೊತ್ತು' ಎಂದು ನಾವು ಎಲ್ಲೆಡೆ ಹೇಳುತ್ತೇವೆ. ಬಡತನದಲ್ಲಿ ಬೆಳೆದ ನಾಯಕ ಬಡವರ ಪರ ಇದ್ದೇ ಇರುತ್ತಾನೆ ಎಂದು ನಂಬಿ ಮತವನ್ನೂ ಹಾಕುತ್ತೇವೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಉಳಿದರ್ಧ ಎಷ್ಟು ತಪ್ಪು ಎಂದು ತಿಳಿಯಲು ಡೋಲ್ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಾನ್ಸಾಸ್ ರಾಜ್ಯದ ರಸೆಲ್ ಎಂಬ ಸಣ್ಣ ಊರಿನಲ್ಲಿ 1923ರಲ್ಲಿ ಅವರು ಹುಟ್ಟಿದ್ದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕುಟುಂಬ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ಅದರ ನೆಲಮಾಳಿಗೆಯಲ್ಲಿ ಸಂಸಾರ ಹೂಡಿತು. 1945ರ ಏಪ್ರಿಲ್ 14ರಂದು, ಯೂರೋಪಿನ ಯುದ್ಧ ಮುಗಿಯಲು ಮೂರು ವಾರವಷ್ಟೇ ಉಳಿದಿದ್ದಾಗ, ಇಟಲಿಯ ಬೆಟ್ಟವೊಂದರಲ್ಲಿ ಅವರ ಬಲಭುಜ ಛಿದ್ರವಾಯಿತು, ಬೆನ್ನುಮೂಳೆಗೂ ಪೆಟ್ಟಾಯಿತು. ಜೊತೆಗಾರನೊಬ್ಬ ಮಾರ್ಫಿನ್ ಚುಚ್ಚಿ, ಡೋಲ್‌ ಅವರದೇ ರಕ್ತದಲ್ಲಿ ಅವರ ಹಣೆಯ ಮೇಲೆ 'ಎಂ' ಎಂದು ಬರೆದ. ಆಮೇಲೆ ಬಂದವರು ತಿಳಿಯದೆ ಇನ್ನೊಂದು ಡೋಸ್ ಕೊಟ್ಟರೆ ಉಸಿರಾಟವೇ ನಿಂತುಹೋಗಬಹುದಿತ್ತು.

ಆಸ್ಪತ್ರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದರು. ಒಂದು ಮೂತ್ರಪಿಂಡ ಹೋಯಿತು. ಸೋಂಕು ಏರಿ ಪ್ರಾಣಕ್ಕೇ ಸಂಚಕಾರ ಬಂದಾಗ ಕೈಹಿಡಿದದ್ದು ಆಗಿನ್ನೂ ಪ್ರಯೋಗದ ಹಂತದಲ್ಲಿದ್ದ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಔಷಧ.

ಭುಜದ ಶಸ್ತ್ರಚಿಕಿತ್ಸೆ ಮಾಡಿದವರು ಷಿಕಾಗೊದ ಹಾಂಪರ್ ಕೆಲಿಕಿಯನ್. ಮೊದಲ ಮಹಾಯುದ್ಧದ ಹೊತ್ತಿಗೆ ಒಟ್ಟೊಮನ್ ಸಾಮ್ರಾಜ್ಯದಲ್ಲಿ ನಡೆದ ಆರ್ಮೇನಿಯನ್ ನರಮೇಧದಿಂದ ಪಾರಾಗಿ ಬಂದವರು, ತಮ್ಮ ಶುಲ್ಕ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಯ ಖರ್ಚಿಗೆ ರಸೆಲ್‌ನ ಜನ ಸಿಗಾರ್ ಡಬ್ಬಿಯೊಂದನ್ನಿಟ್ಟು 1,800 ಡಾಲರ್ ಕೂಡಿಸಿದರು.

ಈಗ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಅನುಭವಿಸಿದವರು, ಊರವರ ಚಂದಾದಿಂದ ಚಿಕಿತ್ಸೆ ಪಡೆದವರು, ಸಂಸತ್ತಿನ ಕೆಳಮನೆಯ ಸದಸ್ಯರಾಗಿ 1965ರಲ್ಲಿ ವೃದ್ಧರ ಸರ್ಕಾರಿ ಆರೋಗ್ಯವಿಮೆಯಾದ ಮೆಡಿಕೇರ್ ಮಸೂದೆಯ ವಿರುದ್ಧ ಮತ ಹಾಕಿದರು. ಅದೇ ವ್ಯಕ್ತಿ 1969ರ ಏಪ್ರಿಲ್ 14ರಂದು, ಗಾಯವಾಗಿ ಸರಿಯಾಗಿ 24 ವರ್ಷಕ್ಕೆ, ಮೇಲ್ಮನೆಯಾದ ಸೆನೆಟ್‌ನಲ್ಲಿ ಮಾಡಿದ ಚೊಚ್ಚಲ ಭಾಷಣ ಅಂಗವಿಕಲರ ಬಗ್ಗೆ. 1990ರ ಅಂಗವಿಕಲರ ಹಕ್ಕು ಕಾಯ್ದೆಗೂ ಬೆನ್ನೆಲುಬಾಗಿ ನಿಂತರು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

2015ರಲ್ಲಿ ರೇಚಲ್ ರಟ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಹಿಮದಂತೆ ಕೊರೆಯುವ ಮಿಷಿಗನ್ ಸರೋವರಕ್ಕೆ ಧುಮುಕುವ ಜನರನ್ನು ಅವರು ಆರಿಸಿಕೊಂಡರು. ಕೊನೆಗಳಿಗೆಯಲ್ಲಿ ಹೆದರಿ ಹಿಂದೆ ಸರಿದವನೊಬ್ಬನ ಕಥೆಯನ್ನು ಕೆಲವರಿಗೆ ಧುಮುಕುವ ಮೊದಲು, ಇನ್ನು ಕೆಲವರಿಗೆ ಧುಮುಕಿ ಒಂದು ವಾರದ ನಂತರ ಓದಲು ಕೊಟ್ಟರು. ಅವನ ಮೇಲೆ ಕಡಿಮೆ ಕನಿಕರ ತೋರಿದವರು ಆಗಲೇ ಧುಮುಕಿ ಬಂದವರು! ಶಾಲೆಯ ಕಿರುಕುಳ, ನಿರುದ್ಯೋಗಗಳ ವಿಷಯದಲ್ಲೂ ಇದೇ ಕಂಡಿತು. ತಾವು ದಾಟಿ ಬಂದ ಕಷ್ಟದಲ್ಲಿ ಇನ್ನೊಬ್ಬ ಸೋತರೆ, ದಾಟಿದವರೇ ಅವನನ್ನು ಹೆಚ್ಚು ಕಠಿಣವಾಗಿ ಅಳೆಯುತ್ತಾರೆ.

ಕಾರಣ ನೆನಪಿನ ರಚನೆಯಲ್ಲೇ ಇದೆ. ನೋವಾಯಿತು ಎಂಬುದು ನೆನಪಿರುತ್ತದೆ, ನೋವು ಹೇಗಿತ್ತು ಎಂಬುದು ಮಾಸುತ್ತದೆ. ದೂರದ ಬೆಟ್ಟ ನುಣ್ಣಗೆ. ಹತ್ತುವಾಗ ಕಾಲಿಗೆ ಚುಚ್ಚಿದ ಕಲ್ಲು ಆಚೆ ಬದಿಗೆ ಇಳಿದವರಿಗೆ ಕಾಣುವುದಿಲ್ಲ, ಬೆಟ್ಟದ ಗೆರೆ ಮಾತ್ರ ಕಾಣುತ್ತದೆ. ಅಥವಾ ಅಂಗಡಿಯ ಹಳೆಯ ಲೆಕ್ಕದ ಪುಸ್ತಕ ಎನ್ನಿ: ಸಾಲ ತೀರಿತು ಎಂಬ ಸಾಲು ಉಳಿದಿದೆ, ತೀರಿಸಲು ಉಪವಾಸ ಕೂತ ರಾತ್ರಿಗಳನ್ನು ಯಾರೂ ಬರೆದಿಟ್ಟಿಲ್ಲ. ಉಳಿಯುವುದು ಎರಡೇ ಸಂಗತಿ: ಕಷ್ಟವಿತ್ತು, ನಾನು ಗೆದ್ದೆ. ಎರಡನ್ನೂ ಕೂಡಿಸಿದರೆ 'ಅಷ್ಟೇನೂ ಅಸಾಧ್ಯವಲ್ಲ' ಎಂಬ ಉತ್ತರ ಬರುತ್ತದೆ.

ಆದರೆ ಡೋಲ್ ಅವರ ಬಲಗೈ ದೂರದ ಬೆಟ್ಟವಾಗಲೇ ಇಲ್ಲ. ಅಂಗಿಯ ಗುಂಡಿ ಹಾಕಲು ಅವರು ಬಟನ್ ಹುಕ್ ಬಳಸುತ್ತಿದ್ದರು. ಹಿಡಿಗೆ ಸಿಕ್ಕಿಸಿದ ತಂತಿಯ ಕುಣಿಕೆಯನ್ನು ಹೊರಗಿನಿಂದ ಕಾಜಾದೊಳಗೆ ತೂರಿಸಬೇಕು, ಒಳಗಿನ ಗುಂಡಿಯನ್ನು ಅದರಲ್ಲಿ ಸಿಕ್ಕಿಸಿಕೊಳ್ಳಬೇಕು, ಬಟ್ಟೆ ಮುದುಡದಂತೆ ಹಿಂದಕ್ಕೆ ಎಳೆಯಬೇಕು. ಇದೆಲ್ಲ ಎಡಗೈಯೊಂದರಿಂದಲೇ ಆಗಬೇಕು, ಆ ಎಡಗೈಯ ಸ್ಪರ್ಶವೂ ಪೂರ್ತಿ ಉಳಿದಿರಲಿಲ್ಲ. ನೋವು ನೆನಪಿನಿಂದ ಮಾಸಲು ಅದು ಮೊದಲು ಮುಗಿಯಬೇಕಲ್ಲ? ಪ್ರತಿ ಬೆಳಗ್ಗೆ ಆರೇಳು ಗುಂಡಿಗಳು ಅದನ್ನು ಹೊಸದು ಮಾಡುತ್ತಿದ್ದವು. ಮುಗಿದ ಕಷ್ಟ ಅಭಿಪ್ರಾಯವನ್ನು ಗಟ್ಟಿ ಮಾಡುತ್ತದೆ, ಮುಗಿಯದ ಕಷ್ಟ ಅದನ್ನು ಮೆದುಗೊಳಿಸುತ್ತದೆ ಎಂಬುದು ನನ್ನ ವಾದ. ಒಬ್ಬರ ಬದುಕಿನಿಂದ ಸಿದ್ಧಾಂತ ಸಾಬೀತಾಗುವುದಿಲ್ಲ, ನಿಜ. ಎದುರು ಪಕ್ಷದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಜೊತೆ ಸೇರಿ ಡೋಲ್ ಬೆಂಬಲಿಸಿದ 1977ರ ಫುಡ್ ಸ್ಟ್ಯಾಂಪ್ (ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುತ್ತಿದ್ದ ಚೀಟಿ) ಸುಧಾರಣೆಯನ್ನು, ಅಂದರೆ ಬಡವರು ಮೊದಲು ಹಣ ಕೊಟ್ಟೇ ಸ್ಟ್ಯಾಂಪ್ ಪಡೆಯಬೇಕೆಂಬ ನಿಯಮ ಕಿತ್ತದ್ದನ್ನು, ಬರೀ ಬಾಲ್ಯದ ಬಡತನದಿಂದ ವಿವರಿಸಲಾಗದು. ಕಾನ್ಸಾಸ್ ಗೋಧಿಯ ನಾಡು, ಬಡವರ ಊಟ ಅಲ್ಲಿನ ರೈತರಿಗೆ ಮಾರುಕಟ್ಟೆಯೂ ಹೌದು.

ಅಂಗವಿಕಲರ ಕಾಯ್ದೆಯ ಮಾನದಂಡಗಳಲ್ಲಿ ಕರುಣೆ ಇಂಚಿನ ಲೆಕ್ಕಕ್ಕೆ ಇಳಿಯಿತು. ಇಳಿಜಾರು 1:12 ಮೀರಬಾರದು, ಅಂದರೆ 6 ಇಂಚಿನ ಮೆಟ್ಟಿಲಿಗೆ 6 ಅಡಿ ಉದ್ದದ ರ‍್ಯಾಂಪ್. ಗಾಲಿಕುರ್ಚಿ ಸೇರಿ 90 ಕಿಲೋ ತೂಕವಿದ್ದರೆ ಆ ಇಳಿಜಾರಿನಲ್ಲಿ ತಳ್ಳಬೇಕಾದದ್ದು ಏಳೂವರೆ ಕಿಲೋದಷ್ಟು ಭಾರ. ಜಾಗ ಉಳಿಸಲು 1:4 ಮಾಡಿದರೆ ಅದು 22 ಕಿಲೋ ಸಮೀಪಕ್ಕೆ ಏರುತ್ತದೆ, ಕುರ್ಚಿ ಹಿಂದಕ್ಕೆ ಮಗುಚುವ ಅಪಾಯ ಬೇರೆ. ಬಾಗಿಲು ಕನಿಷ್ಠ 32 ಇಂಚು ತೆರೆದುಕೊಳ್ಳಬೇಕು.

ಕೆಲಿಕಿಯನ್ ಋಣವೂ ಹಾಗೆಯೇ ಉಳಿಯಿತು. 1990ರಲ್ಲಿ ಆರ್ಮೇನಿಯನ್ ನರಮೇಧದ ಸ್ಮರಣೆಯ ನಿರ್ಣಯಕ್ಕಾಗಿ ಡೋಲ್ ಸೆನೆಟ್‌ನಲ್ಲಿ ಹೋರಾಡಿದರು, ಗೆಲ್ಲಲಿಲ್ಲ.

2012ರ ಡಿಸೆಂಬರ್ 4ರಂದು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದ ಸೆನೆಟ್‌ನ ಮತಕ್ಕೆ ಬಂತು. 89ರ ಡೋಲ್ ಅವರನ್ನು ಪತ್ನಿ ಎಲಿಜಬೆತ್ ಗಾಲಿಕುರ್ಚಿಯಲ್ಲಿ ಸಭಾಂಗಣಕ್ಕೆ ತಳ್ಳಿಕೊಂಡು ಬಂದರು. ಅವರ ಪಕ್ಷದ ಸದಸ್ಯರು ಒಬ್ಬೊಬ್ಬರಾಗಿ ಬಂದು ಮಾತಾಡಿಸಿದರು. ಒಪ್ಪಂದಕ್ಕೆ 66 ಮತ ಬೇಕಿತ್ತು, ಬಿದ್ದದ್ದು 61. ವಿರುದ್ಧ ಬಿದ್ದ 38 ಮತಗಳೂ ರಿಪಬ್ಲಿಕನ್ನರವು, ಅವುಗಳಲ್ಲಿ ಕಾನ್ಸಾಸ್‌ನ ಇಬ್ಬರು ಸೆನೆಟರ್‌ಗಳದೂ ಇದ್ದವು.