ಪ್ರವಾಸಿ ಕೊಟ್ಟ ನೂರು ರೂಪಾಯಿ ಹಂಪಿಯಲ್ಲಿ ಎಷ್ಟು ಕೈ ದಾಟುತ್ತದೆ?

ಹೊಸಪೇಟೆ, ಕಮಲಾಪುರ, ಆನೆಗೊಂದಿ ಕಡೆಯ ಸಣ್ಣ ಲಾಡ್ಜು, ಹೋಮ್‌ಸ್ಟೇ, ಖಾನಾವಳಿಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ಸೀಸನ್ ಮುಗಿದಾಗ ಎಲ್ಲರೂ ಕೇಳುವುದು ಒಂದೇ: ಈ ಸಲ ಹಂಪಿಗೆ ಎಷ್ಟು ಜನ ಬಂದರು? ನಾನು ಮಾತ್ರ ಮೊದಲು ಖರೀದಿ ಬಿಲ್ಲುಗಳ ಕಟ್ಟು ಬಿಚ್ಚುತ್ತೇನೆ. ಊರಿಗೆ ಏನು ಸಿಕ್ಕಿತು ಅನ್ನುವುದು ಗೊತ್ತಾಗುವುದು ಅಲ್ಲಿ.

ಎರಡು ಸಾವಿರ ರೂಪಾಯಿಯ ಒಂದು ಕೋಣೆ ತಗೊಳ್ಳಿ. ಆ್ಯಪ್‌ನಲ್ಲಿ ಬುಕ್ ಆಗಿದ್ದು, ಕಮಿಷನ್ ಶೇ 20 ಎಂದು ಹಿಡಿದರೆ 400 ರೂಪಾಯಿ ಊರು ಮುಟ್ಟುವ ಮೊದಲೇ ಹೋಯಿತು. ಹಾಸಿಗೆ ಹೊದಿಕೆ, ಸೋಪು, ನೀರಿನ ಬಾಟಲಿ ಎಲ್ಲ ಹೊರಗಿನಿಂದ ಬಂದ ಮಾಲು. ಮಾಲೀಕರು ಬೆಂಗಳೂರಿನವರಾದರೆ ಲಾಭವೂ ಅಲ್ಲಿಗೇ. ಇಲ್ಲಿ ಉಳಿಯುವುದು ಕೋಣೆ ಗುಡಿಸುವ ಹೆಣ್ಣುಮಗಳ ಸಂಬಳ, ಬಟ್ಟೆ ಒಗೆಯುವವರ ಕೂಲಿ, ಹಾಲು, ತರಕಾರಿ, ಗಂಗಾವತಿಯ ಅಕ್ಕಿ. ಹೊರಗೆ ಹರಿದುಹೋಗುವ ಹಣಕ್ಕೆ ಅರ್ಥಶಾಸ್ತ್ರದಲ್ಲಿ ಸೋರಿಕೆ ಎನ್ನುತ್ತಾರೆ.

ಈ ಸೋರಿಕೆಯ ಲೆಕ್ಕ ಒಂದೇ ಸುತ್ತಿಗೆ ಮುಗಿಯುವುದಿಲ್ಲ. ಪ್ರತಿ ಸುತ್ತಿನಲ್ಲೂ ನೂರಕ್ಕೆ 40 ಊರಲ್ಲೇ ಉಳಿಯುತ್ತದೆ ಎಂದುಕೊಳ್ಳಿ. ಮೊದಲು 40, ಆ ದುಡ್ಡು ಕಿರಾಣಿ ಅಂಗಡಿಗೆ ಹೋದಾಗ 16, ಆಮೇಲೆ 6 ಚಿಲ್ಲರೆ. ಎಲ್ಲ ಕೂಡಿದರೆ ಸುಮಾರು 67 ರೂಪಾಯಿ. ನೂರಕ್ಕೆ 60 ಉಳಿದರೆ 60, 36, 21 ಚಿಲ್ಲರೆ ಹೀಗೆ ಸಾಗಿ ಒಟ್ಟು 150. ಉಳಿಕೆ ಹೆಚ್ಚಾಗಿದ್ದು 20 ರೂಪಾಯಿ, ಊರಿನ ವಹಿವಾಟು ಎರಡು ಪಟ್ಟಿಗೂ ಜಾಸ್ತಿ. ಅದಕ್ಕೇ ನಾನು ಜನರ ತಲೆ ಎಣಿಸುವುದಕ್ಕಿಂತ ಖರೀದಿ ಎಲ್ಲಿಂದ ಎಂದು ಕೇಳುವುದು.

ಎಷ್ಟು ರಾತ್ರಿ ತಂಗಿದರು ಅನ್ನುವುದೂ ಅಷ್ಟೇ ಮುಖ್ಯ. ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಇಳಿದು, ವಿರೂಪಾಕ್ಷ, ವಿಠ್ಠಲ, ಕಮಲ ಮಹಲ್ ನೋಡಿ, ರಾತ್ರಿ ಅದೇ ಹೆಸರಿನ ಗಾಡಿ ಹತ್ತುವವರು ಆಟೋಗೆ, ಒಂದು ಊಟಕ್ಕೆ ಕೊಟ್ಟು ಹೋಗುತ್ತಾರೆ. ಒಂದು ರಾತ್ರಿ ಉಳಿದರೆ ಮರುದಿನದ ತಿಂಡಿ, ತುಂಗಭದ್ರೆಯ ತೆಪ್ಪ, ಆನೆಗೊಂದಿಯ ದಾರಿ ಎಲ್ಲ ಸೇರುತ್ತವೆ.

2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ, ಹಂಪಿಯ ಸಂರಕ್ಷಿತ ಪ್ರದೇಶಕ್ಕೆ ಸೇರಿದ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ತೆರವಾದವು. ಸ್ಮಾರಕ ಉಳಿಯಲೇಬೇಕು, ಆ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಲ್ಲಿ ಮಾಲೀಕರಷ್ಟೇ ಇರಲಿಲ್ಲ. ಅಡುಗೆಯವರು, ಹಾಲು ಹಾಕುವವರು, ಬಟ್ಟೆ ಒಗೆಯುವವರು ಎಲ್ಲರೂ ಆ ದುಡ್ಡಿನ ಎರಡನೇ ಮೂರನೇ ಸುತ್ತಿನಲ್ಲಿದ್ದರು. ತೆರವಿನ ಜೊತೆಗೇ ಅವರ ಪಟ್ಟಿಯೂ ಆಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ಗೊನೆ ಕಡಿದ ಮೇಲೆ ಹೊಲದಲ್ಲೇ ಕೊಳೆಯಬೇಕಿದ್ದ ದಿಂಡು ಅದರ ಕಚ್ಚಾ ಮಾಲು, ಉಳಿದದ್ದೆಲ್ಲ ಕೈಗೆಲಸ. ಅಂಥ ಒಂದು ಬುಟ್ಟಿ ಮಾರಾಟವಾದರೆ ಸೋರಿಕೆಗೆ ಜಾಗವೇ ಇಲ್ಲ ಅನ್ನಬಹುದು. ನನ್ನ ಗಿರಾಕಿಯೊಬ್ಬರಿಗೆ ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಹೋದ ವರ್ಷದಿಂದ ಅವರ ಕೋಣೆಗಳಲ್ಲಿ ಪ್ಲಾಸ್ಟಿಕ್ ಬುಟ್ಟಿ ಹೋಗಿ ನಾರಿನದು ಬಂದಿದೆ. ತಿಂಡಿಗೆ ಕೊಡುವ ಬಾಳೆಹಣ್ಣು ಪಕ್ಕದ ಹೊಲದ್ದು. ಅದರ ಲೆಕ್ಕವನ್ನು ಆ ರೈತರೇ ತಿಂಗಳ ಕೊನೆಗೆ ಪೆನ್ಸಿಲ್‌ನಲ್ಲಿ ಬರೆದು ಕಳಿಸುತ್ತಾರೆ.