ಬಟನ್ ಒತ್ತಿದರೆ ಕಂಪ್ಯೂಟರೇ ನುಡಿಸಲ್ವಾ?

ಪ್ರಶ್ನೆ: ಮೇಡಂ, 18ನೇ ಶತಮಾನದ ಮರೆತುಹೋದ ಪಿಯಾನೋ ಕನ್ಸರ್ಟೊಗಳನ್ನು, ಅಂದರೆ ಆರ್ಕೆಸ್ಟ್ರಾ ಜೊತೆ ಒಬ್ಬರು ಪಿಯಾನೋ ನುಡಿಸುವ ಕೃತಿಗಳನ್ನು, ಕಂಪ್ಯೂಟರ್‌ನಲ್ಲಿ ಕೇಳಿಸುತ್ತೀರಲ್ಲ, ನೋಟ್ಸ್ ಹಾಕಿ ಬಟನ್ ಒತ್ತಿದರೆ ಅದೇ ನುಡಿಸಲ್ವಾ? ನಿಮ್ಮ ಕೆಲಸ ಏನಿರುತ್ತೆ?

ಉತ್ತರ: ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಬೆಂಗಳೂರಿನಲ್ಲಿ ಕೇಳುವವರಲ್ಲಿ ಸಾಫ್ಟ್‌ವೇರ್ ಕೆಲಸದವರೇ ಜಾಸ್ತಿ. ಹೇಳಿಕೊಟ್ಟಷ್ಟನ್ನೇ ಯಂತ್ರ ಮಾಡುತ್ತೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಬಟನ್ ಒತ್ತಿದರೆ ಸ್ವರಗಳು ಸಾಲಾಗಿ ಬರುತ್ತವೆ, ನಿಜ. ಎಲ್ಲವೂ ಒಂದೇ ತೂಕ, ಒಂದೇ ನಡೆ. ಎರಡು ನಿಮಿಷ ಕೇಳಿದರೆ ಸಾಕು, ‘ಈ ಕೃತಿ ಮರೆತುಹೋಗಿದ್ದೇ ಒಳ್ಳೆಯದಾಯ್ತು’ ಅನಿಸಿಬಿಡುತ್ತೆ. ಪಾಪ, ತಪ್ಪು ಕೃತಿಯದ್ದಲ್ಲ.

ಮೊದಲು ಹಾಳೆಗಳನ್ನೇ ನೋಡಿ. ಲಿಯೊಪೋಲ್ಡ್ ಕೊಝೆಲುಕ್ (1747–1818) ವಿಯೆನ್ನಾದಲ್ಲಿ ಸಂಗೀತ ರಚನೆಕಾರರಾಗಿ ದೊಡ್ಡ ಹೆಸರು. ಮೊಜಾರ್ಟ್ ತೀರಿಕೊಂಡ ಮೇಲೆ, 1792ರಲ್ಲಿ, ಆಸ್ಥಾನದ ಕೆಲಸ ಸಿಕ್ಕಿದ್ದು ಇವರಿಗೆ. ಬರೆದ ಕನ್ಸರ್ಟೊಗಳು 20ಕ್ಕೂ ಹೆಚ್ಚು. ಆ ಕಾಲದಲ್ಲಿ ಕನ್ಸರ್ಟೊಗಳು ಅಚ್ಚಾಗುತ್ತಿದ್ದದ್ದು ಸಾಮಾನ್ಯವಾಗಿ ಬಿಡಿ ಹಾಳೆಗಳಲ್ಲಿ. ಪಿಟೀಲಿಗೊಂದು, ಊದುವ ವಾದ್ಯಗಳಾದ ಓಬೋಗೊಂದು, ಹಾರ್ನ್‌ಗೊಂದು. ಎಲ್ಲವನ್ನೂ ಜೋಡಿಸಿದಾಗಲೇ ಎಡವಟ್ಟುಗಳು ಹೊರಬರುವುದು. ಪಿಟೀಲಿಗೆ ‘ಜೋರಾಗಿ’ ಅಂತ ಬರೆದ ಜಾಗದಲ್ಲೇ ಮಂದ್ರ ಸ್ವರಗಳ ಬಾಸ್‌ಗೆ ‘ಮೆಲ್ಲಗೆ’ ಅಂತಿರುತ್ತೆ. ಯಾವುದು ಸರಿ? ಕಂಪ್ಯೂಟರ್ ಎರಡನ್ನೂ ಹಾಗೇ ನುಡಿಸುತ್ತೆ.

ಇನ್ನು ನಿಧಾನ ಗತಿಯ ಭಾಗಕ್ಕೆ ಬನ್ನಿ. ದೊಡ್ಡ ಸ್ವರದ ಮುಂದೆ ಒಂದು ಪುಟ್ಟ ಸ್ವರ ಅಂಟಿಸಿರುತ್ತಾರೆ. ಅದು ಸರಿಯಾಗಿ ತಾಳದ ಪೆಟ್ಟಿಗೇ ಬೀಳಬೇಕು, ದೊಡ್ಡ ಸ್ವರದ ಅರ್ಧದಷ್ಟು ಹೊತ್ತು ಒರಗಿ ನಿಂತು, ಆಮೇಲೆ ಮೆತ್ತಗೆ ಇಳಿಯಬೇಕು. ಸಾಫ್ಟ್‌ವೇರ್ ಎಷ್ಟೋ ಸಲ ಅದನ್ನು ‘ಟಿಕ್’ ಅನ್ನಿಸಿ ಮುಂದೆ ಹೋಗಿಬಿಡುತ್ತೆ. ಮಿಡಿಯಲ್ಲಿ (ಕಂಪ್ಯೂಟರಿಗೆ ಸ್ವರಗಳನ್ನು ಹೇಳಿಕೊಡುವ ಭಾಷೆ) ಪ್ರತಿ ಸ್ವರದ ತೂಕಕ್ಕೆ, ಅಂದರೆ ಅದು ಎಷ್ಟು ಜೋರು ಅನ್ನುವುದಕ್ಕೆ, 1ರಿಂದ 127ರವರೆಗೆ ಅಂಕಿ ಇದೆ. ಪುಟ್ಟ ಸ್ವರಕ್ಕೆ 78 ಕೊಡುತ್ತೇನೆ, ಅದು ಇಳಿಯುವ ಸ್ವರಕ್ಕೆ 52. ಕೇಳುತ್ತೇನೆ. ಎಡಗೈ ಜೋರಾಯಿತು, ಅದನ್ನು 40ಕ್ಕೆ ಇಳಿಸುತ್ತೇನೆ. ಈಗ ಪಿಟೀಲುಗಳು ಮೇಲೆದ್ದು ಕೂರುತ್ತವೆ. ಒಂದೇ ಸಾಲಿಗೆ ಇಡೀ ಸಂಜೆ ಹೋಗುವುದುಂಟು. ಆ ಸಾಲು ಕೊನೆಗೆ ಉಸಿರಾಡುತ್ತೆ ನೋಡಿ, ಅದಕ್ಕಾಗಿ ಎಷ್ಟು ಸಂಜೆ ಬೇಕಾದರೂ ಕೊಡುತ್ತೇನೆ.

ಬಾಸ್ ಸಾಲಿನ ಜೊತೆ ಕೆಲವೊಮ್ಮೆ ಪುಟ್ಟ ಅಂಕಿಗಳಿರುತ್ತವೆ. ಆರ್ಕೆಸ್ಟ್ರಾ ನುಡಿಸುವಾಗ ಕೀಬೋರ್ಡ್‌ನವರು ಅದನ್ನು ನೋಡಿ ಸ್ವರಗುಚ್ಛ ತುಂಬುತ್ತಿದ್ದರು. ಅದನ್ನೂ ನಾವೇ ಬರೆದು ಕೊಡಬೇಕು. ಮೊದಲ ಭಾಗದ ಕೊನೆಯಲ್ಲಂತೂ ಆರ್ಕೆಸ್ಟ್ರಾ ನಿಂತುಬಿಡುತ್ತೆ, ಹಾಳೆಯಲ್ಲಿ ಬರೀ ಒಂದು ಚಿಹ್ನೆ. ಅಲ್ಲಿ ಕಲಾವಿದ ಒಬ್ಬನೇ ತನಗೆ ತೋಚಿದ್ದನ್ನು ನುಡಿಸಬೇಕು. ಅದೇ ಕಡೆಂಜಾ. ನಮ್ಮ ಕಲ್ಪನಾ ಸ್ವರದ ಹಾಗೆ ಅಂದುಕೊಳ್ಳಿ. ಬಟನ್ ಒತ್ತಿದ ಕಂಪ್ಯೂಟರ್ ಅಲ್ಲಿ ಒಂದು ಸ್ವರವನ್ನು ಸ್ವಲ್ಪ ಎಳೆದು ಸುಮ್ನೆ ಮುಂದೆ ಹೋಗುತ್ತೆ, ಅಷ್ಟೇ. ಶ್ರೋಟರ್ ಅನ್ನುವವರ ಕನ್ಸರ್ಟೊಗಳಿಗೆ ಸ್ವತಃ ಮೊಜಾರ್ಟ್ ಕಡೆಂಜಾ ಬರೆದಿದ್ದಾರೆ. ಇವತ್ತು ಶ್ರೋಟರ್ ಹೆಸರು ಎಷ್ಟು ಜನಕ್ಕೆ ಗೊತ್ತು?

‘ಹಾಗಾದರೆ ಕಲಾವಿದರಿಂದಲೇ ನುಡಿಸಬಹುದಲ್ಲ’ ಅನ್ನಬಹುದು. ಖಂಡಿತ ನುಡಿಸಬೇಕು. ಆದರೆ ಚೌಡಯ್ಯ ಹಾಲ್ ಬುಕ್ ಮಾಡಿದರೂ, ಯಾರೂ ಕೇಳದ ಕೃತಿಗೆ ಹಾರ್ನ್, ಓಬೋ ನುಡಿಸುವವರನ್ನು ಕರೆಸಿ ರಿಹರ್ಸಲ್ ಮಾಡಿಸುವ ಖರ್ಚು ಯಾರು ಕೊಡುತ್ತಾರೆ?

ಒಬ್ಬರು ಕೊಟ್ಟಿದ್ದರು. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ರಷ್ಯಾದ ಸಂಗೀತ ರಚನೆಕಾರ, ಪಿಯಾನೋ ವಾದಕ ನಿಕೊಲಾಯ್ ಮೆಡ್ಟ್ನರ್ ಲಂಡನ್‌ನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ, ಆರೋಗ್ಯ ಕೆಟ್ಟು ಕೂತಿದ್ದರು. 1940ರ ದಶಕದಲ್ಲಿ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಮೆಡ್ಟ್ನರ್ ತಮ್ಮ ಮೂರೂ ಪಿಯಾನೋ ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ತಾವೇ ನುಡಿಸಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. ಆ ರೆಕಾರ್ಡಿಂಗ್‌ಗಳು ಇವತ್ತಿಗೂ ಸಿಗುತ್ತವೆ, ಹುಡುಕಿ ಕೇಳಿ. ಮೂರನೆಯದರಿಂದಲೇ ಶುರು ಮಾಡಿ.